ಬಿಚ್ಚಿಹೋದ ನಾಲ್ಕು ಪುಟಗಳು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇವತ್ತು ಬೆಳಿಗ್ಗೆ ಆರೂವರೆಗೆ, ನೈರೋಬಿಯ ಅಪ್ಪರ್ ಹಿಲ್‌ನ ಆಸ್ಪತ್ರೆಯಲ್ಲಿ. ಮೂರು ಕಿಲೋಗಿಂತ ಸ್ವಲ್ಪ ಜಾಸ್ತಿಯೇ ಇದ್ದಾಳಂತೆ. ತಲೆ ತುಂಬ ಕೂದಲು, ಎರಡೂ ಕೈ ಮುಷ್ಟಿ. ತಾಯಿ, ಮಗು ಇಬ್ಬರೂ ಸೌಖ್ಯ. ಬೆಳಿಗ್ಗೆಯಿಂದ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾ ಬಂದಿದ್ದೇನೆ. ಆಸ್ಪತ್ರೆಯ ಗೇಟಿನ ಕಾವಲುಗಾರನಿಗೆ ಹೇಳಿದೆ, ಮೀನಿನ ಅಂಗಡಿಯವಳಿಗೆ ಹೇಳಿದೆ, ಮಟಾಟು ವ್ಯಾನಿನ ಕಂಡಕ್ಟರನಿಗೆ ಎರಡು ಸಲ ಹೇಳಿದೆ. ಎರಡನೇ ಸಲ ಅವನು, "ಗೊತ್ತಾಯ್ತು ಅಜ್ಜ, ಇನ್ನು ಇಳಿಯಿರಿ, ನಿಮ್ಮ ಸ್ಟಾಪ್ ದಾಟಿ ಹೋಯಿತು" ಎಂದ.

ಮಗುವನ್ನು ನನ್ನ ಕೈಗೆ ಕೊಡಲು ನರ್ಸ್ ಬಂದಾಗ ಮಾತ್ರ ಹಿಂಜರಿದೆ. ನನ್ನ ಎಡಗೈಯ ಹೆಬ್ಬೆರಳಿಗೆ ಸ್ಪರ್ಶ ಇಲ್ಲ. ಮೂವತ್ತೈದು ವರ್ಷ ಅಚ್ಚಿನ ಮೊಳೆ ಜೋಡಿಸಿದ ಬೆರಳು ಅದು. ಬಿಸಿ ತಾಗಿದರೂ ತಿಳಿಯುವುದಿಲ್ಲ, ಸೂಜಿ ಚುಚ್ಚಿದರೂ ತಿಳಿಯುವುದಿಲ್ಲ. ಆದರೂ ಕೈಚಾಚಿದೆ. ಮಗು ಆ ಹೆಬ್ಬೆರಳನ್ನೇ ಹಿಡಿದುಕೊಂಡಿತು. ಹಿಡಿದದ್ದು ನನಗೆ ಗೊತ್ತಾಗಲಿಲ್ಲ, ಕಂಡಿತು. ಅದರ ಉಗುರುಗಳು ಬೆಳ್ಳಗಾಗುವಷ್ಟು ಗಟ್ಟಿಯಾಗಿ ಹಿಡಿದಿತ್ತು.

"ಅಪ್ಪ, ಆರ್ ಯು ಓಕೆ?" ಎಂದಳು ಮಗಳು ಮಂಚದ ಮೇಲಿನಿಂದ.

"ಎಂತ ಇಲ್ಲ ಮಗಾ," ಎಂದೆ.

ಈಗ ಮಧ್ಯಾಹ್ನ. ಬೀಗಿತಿ ಅಡುಗೆಮನೆಯಲ್ಲಿ ಮೀನು ಕೊಯ್ಯುತ್ತಿದ್ದಾರೆ. ಸಂಜೆ ಎಲ್ಲರೂ ಆಸ್ಪತ್ರೆಗೆ ಊಟ ತೆಗೆದುಕೊಂಡು ಹೋಗುವುದು. ಅಲ್ಲಿಯವರೆಗೆ ನನಗೆ ಮಾಡಲು ಏನೂ ಇಲ್ಲ, ಸುಮ್ಮನೆ ಕೂರಲೂ ಆಗುತ್ತಿಲ್ಲ. ಆ ಬೆರಳಿಗೆ ಮೊದಲು ಜೋಮು ಹಿಡಿದ ವಾರದ ಕತೆಯನ್ನು ಬರೆಯುತ್ತೇನೆ. ನಾನು ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ. ಉಳಿದ ಅಕ್ಷರವೆಲ್ಲ ಮಂಗಳೂರಿನ ಅಚ್ಚುಕೂಟದಲ್ಲಿ, ತಲೆಕೆಳಗಾಗಿ ಕಲಿತದ್ದು. ತಪ್ಪಿದ್ದರೆ ತಿದ್ದಿಕೊಳ್ಳಿ.

ಹನ್ನೆರಡು ವರ್ಷದ ಹಿಂದಿನ ಮಾತು. ನೈರೋಬಿಯ ಹಳೆಯ ಬಜಾರಿನ ಹಿಂದೆ ಒಂದು ಸಣ್ಣ ಪ್ರೆಸ್ಸಿನಲ್ಲಿ ನಾನು ಮೊಳೆ ಜೋಡಿಸುವವನಾಗಿದ್ದೆ. ನಾವು ಮೂವರೇ. ಮಾಲೀಕರು ಗುಜರಾತಿನವರು. ಮೆಷಿನ್ ನಡೆಸುವಾತ ಇಲ್ಲಿನ ಕಾಂಬಾ ಬುಡಕಟ್ಟಿನವ, ನನ್ನದೇ ವಯಸ್ಸು. ಮದುವೆ ಕಾರ್ಡು, ಬಿಲ್ ಪುಸ್ತಕ, ಲೆಟರ್‌ಹೆಡ್, ಸತ್ತವರ ಕಾಗದ, ಇಷ್ಟೇ ನಮ್ಮ ಕೆಲಸ.

ಆ ವರ್ಷ ನನ್ನ ಹೆಂಡತಿ ತೀರಿಕೊಂಡು ಮೂರು ತಿಂಗಳಾಗಿತ್ತು. ಬೆಳಿಗ್ಗೆ ಬುತ್ತಿ ಕಟ್ಟಿಕೊಟ್ಟವಳು ನಾನು ವಾಪಸ್ ಬರುವುದರೊಳಗೆ ಇರಲಿಲ್ಲ. ಮಿದುಳಿನಲ್ಲಿ ನರ ಒಡೆದದ್ದು ಎಂದರು ಡಾಕ್ಟರು. ಅವಳ ಉತ್ತರಕ್ರಿಯೆಯ ಕಾಗದಕ್ಕೆ ನಾನೇ ಮೊಳೆ ಜೋಡಿಸಿದೆ. ಬೇರೆಯವರ ಕಾಗದಕ್ಕೆ ಎಷ್ಟು ಹೊತ್ತು ಬೇಕಾಗುತ್ತಿತ್ತೋ ಅಷ್ಟೇ ಹೊತ್ತು ಬೇಕಾಯಿತು. ಒಂದೂ ತಪ್ಪಿರಲಿಲ್ಲ. ಮಾಲೀಕರು ಕರಡು ನೋಡಿ ನನ್ನ ಮುಖ ನೋಡಿದರು. ನನಗೆ ಏನೂ ಆಗುತ್ತಿರಲಿಲ್ಲ. ಅಳು ಬರುತ್ತಿರಲಿಲ್ಲ, ಹಸಿವೆಯೂ ಆಗುತ್ತಿರಲಿಲ್ಲ. ಮಗಳಿಗೆ ಆಗ ಹನ್ನೆರಡು. ಅವಳು ಪಕ್ಕದ ಮನೆಯಲ್ಲಿ ಉಣ್ಣುತ್ತಿದ್ದಳು, ನಾನು ಒಲೆಯ ಪಕ್ಕ ನಿಂತು ಪಾತ್ರೆಯಿಂದಲೇ ತಿಂದು ಮಲಗುತ್ತಿದ್ದೆ.

ಅಂಥ ಹೊತ್ತಿನಲ್ಲಿ ಆ ಅಮೆರಿಕದ ಹೆಂಗಸು ಪ್ರೆಸ್ಸಿಗೆ ಬಂದರು. ಎಪ್ಪತ್ತು ದಾಟಿತ್ತು. ಹರ್ಲಿಂಗ್‌ಹ್ಯಾಮ್‌ನಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿದ್ದರು. ಕತ್ತರಿಸಿದ ಬಿಳಿ ಕೂದಲು, ಗಂಡಸರ ಬೂಟು, ಬಗಲಿಗೆ ಬಟ್ಟೆಯ ಚೀಲ. ಚೀಲದಲ್ಲಿ ಟೈಪು ಮಾಡಿದ ಹಾಳೆಗಳು.

"ನನ್ನ ಬದುಕಿನ ಕತೆ. ನೂರು ಪ್ರತಿ ಸಾಕು," ಎಂದರು.

"ಎಂಥ ಬದುಕು?" ಎಂದರು ಮಾಲೀಕರು. ಆಗಿನ ಕಾಲದಲ್ಲಿ ಅದು ಕೇಳಲೇಬೇಕಾದ ಪ್ರಶ್ನೆ. ಊರಿನಲ್ಲಿ ಸರಕಾರದ ವಿರುದ್ಧದ ಕರಪತ್ರಗಳು ಸಿಗುತ್ತಿದ್ದವು, ಅವು ಎಲ್ಲಿ ಅಚ್ಚಾಗುತ್ತವೆಂದು ಮಫ್ತಿ ಪೊಲೀಸರು ಪ್ರೆಸ್ಸು ಪ್ರೆಸ್ಸು ಹುಡುಕುತ್ತಿದ್ದರು.

"ಪತ್ರಿಕೆಯಲ್ಲಿ ಬರೆಯುತ್ತಿದ್ದೆ. ಕಮ್ಯುನಿಸ್ಟ್ ಪಕ್ಷದ ಪತ್ರಿಕೆ. ನನ್ನ ದೇಶದಲ್ಲಿ."

ಮಾಲೀಕರು ಹಾಳೆಗಳನ್ನು ವಾಪಸ್ ಚಾಚಿದರು. ಆ ಹೆಂಗಸು ತೆಗೆದುಕೊಳ್ಳಲಿಲ್ಲ. ದೊಡ್ಡ ಪ್ರೆಸ್ಸುಗಳವರೂ ಹೀಗೇ ಚಾಚಿದ್ದರಂತೆ. "ಇದರಲ್ಲಿ ನಿಮ್ಮ ಸರಕಾರದ ಮಾತು ಒಂದೂ ಇಲ್ಲ, ಓದಿ ನೋಡಿ" ಎಂದು ಸ್ಟೂಲಿನ ಮೇಲೆ ಕೂತುಬಿಟ್ಟರು. ಮಾಲೀಕರು ಎರಡು ದಿನ ಓದಿ, ಕೊನೆಗೆ ಒಪ್ಪಿದರು. ಒಂದು ಕರಾರು ಹಾಕಿದರು. ಒಂದು ಪುಟದ ಕರಡು ತಿದ್ದಿ ಮುಗಿದ ಕೂಡಲೇ ಅದರ ಮೂಲ ಹಾಳೆಯನ್ನೂ ಕರಡನ್ನೂ ಪ್ರೆಸ್ಸಿನ ಹಿಂದಿನ ಒಲೆಗೆ ಹಾಕಬೇಕು. ಮಫ್ತಿಯವರು ಬಂದರೆ ಕಾಗದದ ಮೇಲೆ ಏನೂ ಸಿಗಬಾರದು. ಮೊಳೆಯನ್ನು ಓದುವುದು ಅವರಿಗೆ ಬರುವುದಿಲ್ಲ. ಅಚ್ಚಾದ ಹಾಳೆಗಳನ್ನು ಅಂದಂದೇ ನನ್ನ ಮನೆಗೆ ಸಾಗಿಸುತ್ತೇನೆ ಎಂದರು.

ಆ ಹೆಂಗಸು ಒಪ್ಪಿದರು. ಅವರ ಹತ್ತಿರ ಬೇರೆ ಪ್ರತಿ ಇದೆಯಾ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ಕೆಲಸದ ರೀತಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎಡಗೈಯಲ್ಲಿ ಸ್ಟಿಕ್ಕು, ಅಂದರೆ ಒಂದು ಗೇಣುದ್ದದ ಕಬ್ಬಿಣದ ಚೌಕಟ್ಟು. ಬಲಗೈ ಕೇಸಿನ, ಅಂದರೆ ಮೊಳೆಪೆಟ್ಟಿಗೆಯ ಗೂಡುಗಳಿಂದ ಒಂದೊಂದೇ ಮೊಳೆ ತಂದು ಅದರಲ್ಲಿ ನಿಲ್ಲಿಸುತ್ತದೆ. ಕೊನೆಗೆ ಬಂದ ಮೊಳೆ ಬೀಳದಂತೆ ಎಡಗೈಯ ಹೆಬ್ಬೆರಳು ಒತ್ತಿ ಹಿಡಿದಿರಬೇಕು. ಸಾಲು ತುಂಬಿದ ಮೇಲೆ ಪದಗಳ ನಡುವೆ ಖಾಲಿ ಮೊಳೆ ಸೇರಿಸಿ ಬಿಗಿ ಮಾಡಬೇಕು. ಪುಟ ತುಂಬಿದರೆ ಸುತ್ತ ದಾರ ಬಿಗಿದು ಗ್ಯಾಲಿಯಲ್ಲಿ ಇಡುವುದು. ಗ್ಯಾಲಿ ಎಂದರೆ ಮೂರು ಕಡೆ ಅಂಚಿರುವ ತಗಡಿನ ತಟ್ಟೆ. ಕರಡು ತೆಗೆದು, ತಿದ್ದಿ, ಸೀಮೆಎಣ್ಣೆಯಲ್ಲಿ ತೊಳೆದು, ಸರದಿ ಬಂದಾಗ ಮೆಷಿನ್ನಿಗೆ. ಅಚ್ಚಾದ ಮೇಲೆ ಮತ್ತೆ ತೊಳೆದು, ದಾರ ಬಿಚ್ಚಿ, ಮೊಳೆಗಳನ್ನು ಅವುಗಳ ಗೂಡಿಗೆ ಹಾಕಬೇಕು. ಇದನ್ನು ನಾವು ಬಿಚ್ಚುವುದು ಎನ್ನುತ್ತೇವೆ. ನಮ್ಮಲ್ಲಿ ಆ ಅಳತೆಯ ಮೊಳೆ ಹನ್ನೆರಡು ಪುಟಕ್ಕಾಗುವಷ್ಟು ಮಾತ್ರ ಇತ್ತು. ಐವತ್ತಾರು ಪುಟದ ಪುಸ್ತಕಕ್ಕೆ ಅದೇ ಮೊಳೆಗಳು ಮತ್ತೆ ಮತ್ತೆ ಬರಬೇಕು. ಇಂಗ್ಲಿಷಿನಲ್ಲಿ ಜಾಸ್ತಿ ಬೇಕಾಗುವ 'e' ಅಂತೂ ಯಾವಾಗಲೂ ಕಡಿಮೆಯೇ.

ನನಗೆ ಇಂಗ್ಲಿಷ್ ಓದಿದರೆ ಅರ್ಥವಾಗುತ್ತಿರಲಿಲ್ಲ. ಅಕ್ಷರ ನೋಡಿ ಅಕ್ಷರ ಇಡುತ್ತಿದ್ದೆ. ಅವರು ಹದಿನಾಲ್ಕನೇ ವಯಸ್ಸಿಗೆ ಕಾರ್ಖಾನೆಯಲ್ಲಿ ಗುಂಡಿ ಹೊಲಿದದ್ದು, ಗಣಿಗಳ ಮುಷ್ಕರದ ವರದಿ ಬರೆದದ್ದು, ವಿಚಾರಣೆಯಲ್ಲಿ ಗೆಳೆಯರ ಹೆಸರು ಹೇಳದೆ ಜೈಲಿಗೆ ಹೋದದ್ದು, ಪಾಸ್‌ಪೋರ್ಟ್ ಕಿತ್ತುಕೊಂಡದ್ದು, ಅದು ಮತ್ತೆ ಸಿಕ್ಕಾಗ ಆಫ್ರಿಕಕ್ಕೆ ಬಂದದ್ದು, ಎಲ್ಲವೂ ನನ್ನ ಕೈಯಿಂದ ಹೋಗಿದೆ. ನನಗೆ ಗೊತ್ತಾದದ್ದು ಬಹಳ ವರ್ಷದ ಮೇಲೆ, ಮಗಳು ಓದಿ ಹೇಳಿದಾಗ.

ಅವರು ದಿನಾ ಹತ್ತು ಗಂಟೆಗೆ ಕರಡು ತಿದ್ದಲು ಬರುತ್ತಿದ್ದರು. ಮೆಷಿನ್‌ನವ ಅವರನ್ನು ಮಾಮಾ ಎಂದು ಕರೆದ, ಸ್ವಾಹಿಲಿಯಲ್ಲಿ ತಾಯಿ ಅಂತ, ನಾನೂ ಹಾಗೇ ಕರೆದೆ. ಅವನು ನನ್ನನ್ನು ಫುಂಡಿ ಎಂದು ಕರೆಯುತ್ತಿದ್ದ, ಕಸುಬುದಾರ ಅಂತ. ಅವರೂ ಹಾಗೇ ಕರೆದರು. ಅವರ ಅರ್ಧ ಸ್ವಾಹಿಲಿ, ನನ್ನ ಅರ್ಧ ಇಂಗ್ಲಿಷು ಸೇರಿಸಿ ನಮ್ಮ ಮಾತು ನಡೆಯುತ್ತಿತ್ತು.

"ಮಾಮಾ, ನಿಮ್ಮ ಪಕ್ಷ ಬಂದರೆ ಈ ಮೆಷಿನ್ ನನ್ನದಾಗುತ್ತದಾ?" ಎಂದು ಒಂದು ದಿನ ಮೆಷಿನ್‌ನವ ಕೇಳಿದ.

"ನಿನ್ನದೂ, ಫುಂಡಿಯದೂ."

"ಹಾಗಾದರೆ ಬೇಡ. ಇವನ ಜತೆ ಪಾಲು ಕಷ್ಟ. ಇವನು ಮಾತೇ ಆಡುವುದಿಲ್ಲ."

ಒಳಗಿನಿಂದ ಮಾಲೀಕರು, "ತೆಗೆದುಕೋ ಮಾರಾಯ. ರಿಪೇರಿ ಮಾಡಿಸುವುದೂ ನಿನಗೇ ಇರಲಿ" ಎಂದರು.

ಅಷ್ಟರಲ್ಲಿ ಮಫ್ತಿಯವರು ಇಬ್ಬರು ಬಂದೇ ಬಂದರು. ಕಪಾಟು ತೆಗೆಸಿದರು, ಕಸದ ಬುಟ್ಟಿ ಬೋರಲು ಹಾಕಿದರು. ಮೊಳೆಯ ಪುಟಗಳ ಮೇಲೆ ಬೆರಳಾಡಿಸಿ ಮಸಿ ಮಾಡಿಕೊಂಡರು. ಏನೂ ಸಿಗಲಿಲ್ಲ. ಹೋಗುವಾಗ ಅವರಲ್ಲಿ ಹಿರಿಯವನು ಗೋಡೆಯ ಮೇಲಿನ ಮದುವೆ ಕಾರ್ಡುಗಳನ್ನು ನೋಡುತ್ತ ನಿಂತ. ಅವನ ಮಗಳ ಮದುವೆಯಂತೆ. ಕಾರ್ಡಿಗೆ ಆರ್ಡರ್ ಕೊಟ್ಟ. ಆಮೇಲೆ ಆ ಮನುಷ್ಯ ಎರಡು ದಿನಕ್ಕೊಮ್ಮೆ ಬರತೊಡಗಿದ. ಬೀಗರ ಹೆಸರು ಮೇಲೆ ಹಾಕಿ, ಇಲ್ಲ ಕೆಳಗೆ ಹಾಕಿ, ಪ್ರಾರ್ಥನೆಯ ಸಾಲುಗಳನ್ನು ಇನ್ನೊಂದು ಪುಟಕ್ಕೆ ಹಾಕಿ. ಪ್ರತಿ ಸಲ ಅವನ ಬೂಟಿನ ಸದ್ದು ಕೇಳಿದಾಗಲೂ ಮಾಲೀಕರು ಎದೆ ಹಿಡಿದುಕೊಳ್ಳುತ್ತಿದ್ದರು.

ಕೆಲಸ ನಲವತ್ತನೇ ಪುಟದವರೆಗೆ ಸಲೀಸಾಗಿ ಬಂತು. ನಲವತ್ತೊಂದರಿಂದ ನಲವತ್ತನಾಲ್ಕರ ಕರಡನ್ನು ಮಾಮಾ ಅಲ್ಲೇ ಕೂತು ತಿದ್ದಲಿಲ್ಲ, ಮನೆಗೆ ತೆಗೆದುಕೊಂಡು ಹೋದರು. ನಾಲ್ಕು ದಿನ ಬರಲಿಲ್ಲ. ನಾವು ಕಾಯದೆ ಮುಂದಿನ ನಾಲ್ಕು ಪುಟ ಜೋಡಿಸಿದೆವು. ಅವುಗಳ ಕರಡನ್ನು ಮಾಲೀಕರೇ ನೋಡಿದರು, ಮೆಷಿನ್‌ನವ ಅಚ್ಚು ಹಾಕಿದ. ಐದನೇ ದಿನ ಮಾಮಾ ಕರಡು ತಂದುಕೊಟ್ಟರು. ಒಂದೇ ಒಂದು ಅಲ್ಪವಿರಾಮ ತಿದ್ದಿದ್ದರು. ನಾನು ಅದನ್ನು ಸರಿ ಮಾಡಿ, ಪುಟಗಳನ್ನು ತೊಳೆದಿಟ್ಟೆ. ಮಾಲೀಕರು ಮೂಲವನ್ನೂ ಕರಡನ್ನೂ ಒಲೆಗೆ ಹಾಕಿದರು. ಮಾಮಾ ಹತ್ತಿರ ನಿಂತು ಅದು ಪೂರ್ತಿ ಉರಿಯುವುದನ್ನು ನೋಡಿದರು.

ಅದೇ ದಿನ ಅವರಿಗೆ ಸರಕಾರದಿಂದ ಕಾಗದ ಬಂದಿತ್ತು. ದೇಶದಲ್ಲಿರುವ ಪರವಾನಗಿ ಮುಂದುವರಿಸುವುದಿಲ್ಲ, ಬರುವ ಶನಿವಾರದ ವಿಮಾನಕ್ಕೆ ಹೊರಡಬೇಕು.

"ಶನಿವಾರದೊಳಗೆ ನನ್ನ ಕೈಗೆ ಬರುತ್ತದಾ ಫುಂಡಿ?" ಎಂದರು. "ಅಲ್ಲಿ ನನಗೆ ಮನೆ ಇಲ್ಲ, ಯಾರೂ ಕಾಯುವವರಿಲ್ಲ. ಇದನ್ನು ಹಿಡಿದುಕೊಂಡು ಇಳಿಯಬೇಕು ಅಂತ ಮಾತ್ರ ಇದೆ."

"ಬರುತ್ತದೆ," ಎಂದೆ. ಲೆಕ್ಕ ಹಾಕಿಯೇ ಹೇಳಿದ್ದು. ಉಳಿದದ್ದು ಕೊನೆಯ ಕೆಲವು ಪುಟ ಮತ್ತು ಹೊಲಿಗೆ.

ಅಚ್ಚಾದ ಪುಟಗಳ ಗ್ಯಾಲಿಯ ಅಂಚಿಗೆ ಮೆಷಿನ್‌ನವ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದಿಡುವುದು ನಮ್ಮ ಪ್ರೆಸ್ಸಿನ ಕ್ರಮ. ಗೀಟು ಇದ್ದರೆ ಬಿಚ್ಚಬಹುದು. ಇಲ್ಲದಿದ್ದರೆ ಮುಟ್ಟಬಾರದು. ಮಂಗಳವಾರ ಬೆಳಿಗ್ಗೆ ಪುಟ ಇಡುವ ಕಲ್ಲಿನ ಮೇಜಿನ ಮೇಲೆ ಎರಡು ಗ್ಯಾಲಿಗಳಿದ್ದವು. ಎರಡರಲ್ಲೂ ನಾಲ್ಕು ನಾಲ್ಕು ಪುಟ, ಎರಡೂ ತೊಳೆದವು. ನಾನು ಒಂದನ್ನು ಎಳೆದುಕೊಂಡು ದಾರ ಬಿಚ್ಚಿದೆ. ನಾಲ್ಕೈದು ಸಾಲು ಒಟ್ಟಿಗೆ ಎಡಗೈಗೆ ತೆಗೆದುಕೊಂಡು, ಬಲಗೈಯಿಂದ ಒಂದೊಂದೇ ಪದ ಕಿತ್ತು ಗೂಡುಗಳಿಗೆ ಉದುರಿಸುತ್ತ ಹೋದೆ. ಮೊಳೆ ಗೂಡಿಗೆ ಬೀಳುವ ಟಿಕ್ ಟಿಕ್ ಸದ್ದು ನನಗೆ ಆಗ ಹಿತವಾಗಿತ್ತು. ಅದರಲ್ಲಿ ಯೋಚನೆ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಗ್ಯಾಲಿ ಖಾಲಿಯಾಯಿತು.

ಮೆಷಿನ್‌ನವ ಬಂದು, "ನಲವತ್ತೊಂದು ಕೊಡು ಫುಂಡಿ" ಎಂದ.

ಕಲ್ಲಿನ ಮೇಲೆ ಉಳಿದಿದ್ದ ಗ್ಯಾಲಿಯನ್ನು ತೋರಿಸಿದೆ. ಅವನು ಅದನ್ನು ನೋಡಿದ, ಖಾಲಿ ಗ್ಯಾಲಿಯನ್ನು ನೋಡಿದ, ನನ್ನನ್ನು ನೋಡಿದ. ಉಳಿದ ಗ್ಯಾಲಿಯ ಅಂಚಿಗೆ ಬಿಳಿ ಗೀಟು ಇತ್ತು.

"ಇದಕ್ಕೆ ಗೀಟು ಇದೆ," ಎಂದ ನಿಧಾನವಾಗಿ. "ನೀನು ಬಿಚ್ಚಿದ್ದು ಯಾವುದು?"

ಮೂವತ್ತೈದು ವರ್ಷದಲ್ಲಿ ಅದೊಂದೇ ಸಲ. ಮೂಲ ಸುಟ್ಟಿತ್ತು, ಕರಡು ಸುಟ್ಟಿತ್ತು, ಅಚ್ಚಾಗಿರಲಿಲ್ಲ. ಆ ನಾಲ್ಕು ಪುಟ ಇದ್ದದ್ದು ಆ ಮೊಳೆಗಳಲ್ಲಿ ಮಾತ್ರ. ಈಗ ಕೇಸಿನ ಗೂಡುಗಳಲ್ಲಿ ಎಲ್ಲ ಅಕ್ಷರವೂ ಇತ್ತು, ಪುಟ ಇರಲಿಲ್ಲ. ನನಗೆ ಭಯವಾಗಬೇಕಿತ್ತು. ಆಗಲೂ ಏನೂ ಆಗಲಿಲ್ಲ. ಹೋಗಿ ಕೈ ತೊಳೆದುಕೊಂಡೆ.

ಮಾಲೀಕರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ನಲವತ್ತರಿಂದ ನಲವತ್ತೈದಕ್ಕೆ ಹಾರಲಿ ಭಾಯ್," ಎಂದರು. "ಯಾರು ಲೆಕ್ಕ ಮಾಡುತ್ತಾರೆ?"

"ಅವರು ಮಾಡುತ್ತಾರೆ," ಎಂದ ಮೆಷಿನ್‌ನವ.

ನಾನು ಅಂಗಿ ಬದಲಾಯಿಸಿ ಹರ್ಲಿಂಗ್‌ಹ್ಯಾಮ್‌ಗೆ ಹೋದೆ. ಔಷಧಿ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದರೆ ಅವರ ಕೋಣೆ. ನೆಲದ ಮೇಲೆ ತೆರೆದ ಸೂಟ್‌ಕೇಸ್ ಇತ್ತು, ಅದರಲ್ಲಿ ನಾಲ್ಕು ಬಟ್ಟೆ. ನಾನು ಬಾಗಿಲಲ್ಲೇ ನಿಂತು ಹೇಳಿದೆ.

ಅವರು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಸೂಟ್‌ಕೇಸಿನಲ್ಲಿಟ್ಟರು. ಆಮೇಲೆ, "ಬಿಡು ಫುಂಡಿ. ಆ ನಾಲ್ಕು ಪುಟ ಇಲ್ಲದಿದ್ದರೂ ಪುಸ್ತಕ ನಡೆಯುತ್ತದೆ. ಪಕ್ಷದ ವಿಷಯ ಅಲ್ಲ ಅದು" ಎಂದರು.

"ಇನ್ನೊಮ್ಮೆ ಬರೆಯಲು ಆಗುವುದಿಲ್ಲವಾ ಮಾಮಾ?"

"ಅದನ್ನು ಬರೆಯಲು ನಲವತ್ತು ವರ್ಷ ಬೇಕಾಯಿತು. ಟೈಪ್‌ರೈಟರ್ ಮುಂದೆ ಮತ್ತೆ ಕೂರಲಾರೆ. ಅದನ್ನು ಮಾರಿಯೂ ಆಯಿತು."

ಒಂದು ಖುರ್ಚಿ ಇತ್ತು, ಕೂರು ಎಂದರು. ನಾನು ಕೂರಲಿಲ್ಲ. ಮೆಟ್ಟಿಲಿಳಿಯಲು ತಿರುಗಿದವನು ನಿಂತೆ. ಯಾಕೆ ನಿಂತೆನೋ ಈಗಲೂ ಹೇಳಲಾರೆ. ಕನಿಕರದಿಂದ ಅಂತ ಬರೆದರೆ ಸುಳ್ಳಾಗುತ್ತದೆ. ಕೆಲಸ ಅರ್ಧಕ್ಕೆ ನಿಂತದ್ದು ಕೈಗೆ ಆಗುತ್ತಿರಲಿಲ್ಲ, ಅಷ್ಟೇ ಇರಬೇಕು.

"ಬರೆಯುವುದು ಬೇಡ," ಎಂದೆ. "ಬಾಯಿಯಲ್ಲಿ ಹೇಳಿ. ನಾನು ಮೊಳೆ ಇಡುತ್ತೇನೆ."

"ಕಾಗದ ಇಲ್ಲದೆಯಾ?"

"ಕಾಗದ ಇದ್ದರೆ ತಾನೇ ಸುಡುವುದು."

ಅವರ ಬಾಯಿಯ ಒಂದು ಮೂಲೆ ಸ್ವಲ್ಪ ಮೇಲೆ ಹೋಯಿತು. ಮರುದಿನ ಹತ್ತಕ್ಕೆ ಅಲ್ಲ, ಎಂಟಕ್ಕೇ ಬಂದರು.

ಕೇಸಿನ ಪಕ್ಕ ಸ್ಟೂಲು ಹಾಕಿದೆ. ಬಾಯಿ ಮಾತು ಕೇಳಿ ಮೊಳೆ ಇಡುವುದು ನಾನು ಎಂದೂ ಮಾಡಿದ್ದಲ್ಲ. ಪದಪದವಾಗಿ ಹೇಳಿದರೆ ನನಗೆ ಹಿಡಿಯುತ್ತಿರಲಿಲ್ಲ. ಆದ್ದರಿಂದ ಒಂದು ಕ್ರಮ ಮಾಡಿಕೊಂಡೆವು. ಮೊದಲು ಏನಾಯಿತೆಂದು ಸ್ವಾಹಿಲಿಯಲ್ಲಿ ಹೇಳುತ್ತಿದ್ದರು. ಆಮೇಲೆ ಅದೇ ಮಾತನ್ನು ಇಂಗ್ಲಿಷಿನಲ್ಲಿ, ಅಕ್ಷರ ಬಿಡಿಸಿ, ನಿಧಾನವಾಗಿ. ಸಣ್ಣ ಪದಗಳು ನನ್ನ ಬೆರಳಿಗೆ ಮೊದಲೇ ಗೊತ್ತಿದ್ದವು. ಹೀಗಾಗಿ ಅಷ್ಟು ವರ್ಷದಲ್ಲಿ ಮೊದಲ ಸಲ, ನಾನು ಇಡುತ್ತಿರುವುದರ ಅರ್ಥ ಇಡುವ ಮೊದಲೇ ನನಗೆ ತಿಳಿಯುತ್ತಿತ್ತು.

ಅವರಿಗೆ ಒಬ್ಬಳು ಮಗಳಿದ್ದಳು, ಆರು ವರ್ಷ. ಗಂಡ ಜೈಲಿನಲ್ಲಿದ್ದ. ಗಣಿ ಊರೊಂದರಲ್ಲಿ ಬಾಡಿಗೆಯ ಕೋಣೆ. ಒಂದು ದಿನ ಬೆಳಿಗ್ಗೆ ಪಕ್ಕದ ಊರಿನಲ್ಲಿ ಮುಷ್ಕರದ ಮೇಲೆ ಗುಂಡು ಹಾರಿದೆ ಎಂದು ಸುದ್ದಿ ಬಂತು. ಮಗು ಓಟ್ಸ್ ಗಂಜಿ ಕುಡಿಯುತ್ತಿತ್ತು. ಮೈ ಸ್ವಲ್ಪ ಬೆಚ್ಚಗಿತ್ತು. ನೀನೂ ಕೂರು, ನನ್ನ ಜತೆ ತಿನ್ನು ಎಂದಿತು. ಇವರು ಕೋಟು ಹಾಕಿಕೊಳ್ಳುತ್ತ, ಸಂಜೆ ಬಂದು ಕೂರುತ್ತೇನೆ ಎಂದರು.

ಇಷ್ಟು ಹೇಳಿ ನಿಲ್ಲಿಸಿದರು. ನಲವತ್ತೆರಡನೇ ಪುಟದ ನಡುವೆ. ಸಾಲು ಅರ್ಧ ತುಂಬಿತ್ತು. ಸಾಲು ಮುಗಿಯದೆ ಸ್ಟಿಕ್ಕು ಕೆಳಗಿಡಲಾಗುವುದಿಲ್ಲ. ನಾನು ಹೆಬ್ಬೆರಳು ಒತ್ತಿಕೊಂಡು ನಿಂತೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು. ಮೆಷಿನ್‌ನವ ಮೆಷಿನ್ ನಿಲ್ಲಿಸಿದ. ಎಷ್ಟು ಹೊತ್ತೋ. ಹೊರಗೆ ಮಟಾಟುವಿನವರು ಊರುಗಳ ಹೆಸರು ಕೂಗುತ್ತಿದ್ದರು. ಹೆಬ್ಬೆರಳು ಮೊದಲು ನೋಯಿತು, ಆಮೇಲೆ ನೋಯಲಿಲ್ಲ, ಆಮೇಲೆ ಅದು ನನ್ನದೇ ಅಲ್ಲ ಎನ್ನುವ ಹಾಗಾಯಿತು. ತೆಗೆಯಲಿಲ್ಲ.

ಕೊನೆಗೆ ಅವರು ಸ್ವಾಹಿಲಿಯನ್ನು ಬಿಟ್ಟು ನೇರ ಇಂಗ್ಲಿಷಿನಲ್ಲಿ ಹೇಳಿದರು. ಅದು ನನಗೆ ಅರ್ಥವಾಯಿತು. ಅವರು ವರದಿ ಕಳಿಸಿ ವಾಪಸ್ ಬಂದಾಗ ಮರುದಿನ ಮಧ್ಯಾಹ್ನವಾಗಿತ್ತು. ರಾತ್ರಿ ಜ್ವರ ಏರಿ, ಬೆಳಗಾಗುವುದರೊಳಗೆ ಮಗು ತೀರಿಕೊಂಡಿತ್ತು. ಮನೆಯೊಡತಿ ಮೇಜಿನ ಮೇಲೆ ಎರಡು ಬಟ್ಟಲು ಇಟ್ಟಿದ್ದಳು. ಅಮ್ಮ ಬಂದು ಕೂರುತ್ತಾಳೆಂದು ಮಗುವೇ ಇಡಿಸಿತ್ತಂತೆ.

"ಆ ವರದಿ ಮೊದಲ ಪುಟದಲ್ಲಿ ಬಂತು," ಎಂದರು. "ಹಾಕು ಅದನ್ನೂ."

ಹಾಕಿದೆ.

ಆ ಸಂಜೆ ಮನೆಗೆ ಹೋದೆ. ಮಗಳು ಪುಸ್ತಕ ಇಟ್ಟುಕೊಂಡು ಕೂತಿದ್ದಳು. ಅನ್ನ ಮಾಡಿದೆ, ಎರಡು ಬಟ್ಟಲು ತೆಗೆದೆ.

"ಬಾ, ಕೂತು ಊಟ ಮಾಡುವ."

"ಐ ಆಲ್ರೆಡಿ ಏಟ್, ಅಪ್ಪ."

"ಇನ್ನೊಮ್ಮೆ ತಿನ್ನು."

ಅವಳು ನನ್ನ ಮುಖ ನೋಡಿ ಬಂದು ಕೂತಳು. ಸಾರಿಗೆ ಉಪ್ಪು ಇರಲಿಲ್ಲ. ಇಬ್ಬರೂ ಹೇಳಲಿಲ್ಲ. ಹೆಬ್ಬೆರಳಿಗೆ ಬಟ್ಟಲಿನ ಬಿಸಿ ತಿಳಿಯುತ್ತಿರಲಿಲ್ಲ. ಒಳಗೂ ಹಾಗೇ ಇತ್ತು, ಏನೂ ಕರಗಿರಲಿಲ್ಲ. ಆದರೆ ಕೂತು ಉಂಡೆ. ಮರುದಿನವೂ.

ಗುರುವಾರ ನಲವತ್ತನಾಲ್ಕನೇ ಪುಟದ ಕೊನೆಯ ಹತ್ತು ಸಾಲಿಗೆ 'e' ಮುಗಿದುಹೋಯಿತು. ಮುಂದಿನ ಪುಟಗಳು ಮೆಷಿನ್ನಿನಲ್ಲಿದ್ದವು, ಬಿಚ್ಚುವ ಹಾಗಿರಲಿಲ್ಲ. ಅದೇ ಅಳತೆಯ ಮೊಳೆ ಇನ್ನೊಂದೇ ಕಡೆ ಇತ್ತು, ಮಫ್ತಿಯವನ ಮಗಳ ಮದುವೆಯ ಪ್ರಾರ್ಥನೆಯ ಪುಟದಲ್ಲಿ. ನಾನೂ ಮೆಷಿನ್‌ನವನೂ ಒಬ್ಬರ ಮುಖ ಒಬ್ಬರು ನೋಡಿದೆವು. ಚಿಮ್ಮಟ ತೆಗೆದುಕೊಂಡು ಒಂದೊಂದೇ 'e' ಕಿತ್ತು, ಆ ಜಾಗಕ್ಕೆ ಖಾಲಿ ಮೊಳೆ ತುಂಬಿದೆ.

ಶುಕ್ರವಾರ ಹನ್ನೊಂದಕ್ಕೆ ಬೂಟಿನ ಸದ್ದು ಬಂತು. "ಕಾರ್ಡು ಆಯಿತಾ? ಕಡೆಯ ಸಲ ನೋಡುತ್ತೇನೆ," ಎಂದ.

ಮಾಲೀಕರ ಕೈ ಎದೆಗೆ ಹೋಯಿತು. ಮೆಷಿನ್‌ನವ ಎಣ್ಣೆ ಬಟ್ಟೆ ಝಾಡಿಸುತ್ತ, "ಸೋಮವಾರ ಬನ್ನಿ ಹಿರಿಯರೇ. ಮದುವೆ ಕಾರ್ಡನ್ನು ಶುಕ್ರವಾರ ಅಚ್ಚು ಹಾಕಬಾರದು ಅಂತ ಇವರ ಕಡೆ ಕ್ರಮ ಇದೆ" ಎಂದು ನನ್ನನ್ನು ತೋರಿಸಿದ. ಅಂಥ ಕ್ರಮ ಎಲ್ಲೂ ಇಲ್ಲ. ನಾನು ತಲೆಯಾಡಿಸಿದೆ.

ಅವನು ನನ್ನನ್ನು ದಿಟ್ಟಿಸಿದ. "ಹೌದಾ? ಹಾಗಾದರೆ ಸೋಮವಾರವೇ ಆಗಲಿ. ಮಗಳ ವಿಷಯದಲ್ಲಿ ಯಾಕೆ ರಿಸ್ಕು," ಎಂದು ಹೋದ.

ಮಧ್ಯಾಹ್ನ ಕೊನೆಯ ಹಾಳೆ ಅಚ್ಚಾಯಿತು. ಮಾಲೀಕರು ಮನೆಯಿಂದ ಕಟ್ಟುಗಳನ್ನು ಕಾರಿನ ಡಿಕ್ಕಿಯಲ್ಲಿ ತಂದರು. ತಂದವರು ಹೋಗಲಿಲ್ಲ, ಅಂಗಿಯ ತೋಳು ಮಡಚಿ ನೆಲದ ಮೇಲೆ ಕೂತರು.

"ಏನು ನೋಡುತ್ತೀಯ ಭಾಯ್? ದಾರ ಕೊಡು. ನನಗೂ ಹೊಲಿಯಲು ಬರುತ್ತದೆ."

ಮೂವರೂ ಮಡಚಿದೆವು, ಜೋಡಿಸಿದೆವು, ಹೊಲಿದೆವು. ಬೆಳಕು ಇರುವುದರೊಳಗೆ ಹನ್ನೆರಡು ಪ್ರತಿ ಆಯಿತು. ಉಳಿದವನ್ನು ಹಡಗಿನಲ್ಲಿ ಕಳಿಸುವುದೆಂದಾಯಿತು.

ಶನಿವಾರ ಬೆಳಿಗ್ಗೆ ಹನ್ನೆರಡನ್ನೂ ಹಳೆಯ ಕ್ಯಾಲೆಂಡರಿನಲ್ಲಿ ಸುತ್ತಿ ಎಂಬಕಸಿಗೆ ಹೋದೆ. ವಿಮಾನ ನಿಲ್ದಾಣದ ಬಾಗಿಲಲ್ಲಿ ಅವರು ಒಬ್ಬರೇ ನಿಂತಿದ್ದರು, ಅದೇ ಬೂಟು. ಕಟ್ಟು ಬಿಚ್ಚಿ ಒಂದು ಪ್ರತಿ ತೆಗೆದರು. ಮೇಲಿನ ರಟ್ಟು ನೋಡಲಿಲ್ಲ, ಹೆಸರು ನೋಡಲಿಲ್ಲ, ನೇರ ನಲವತ್ತೊಂದಕ್ಕೆ ಹೋದರು. ನಿಂತಲ್ಲೇ ನಾಲ್ಕು ಪುಟ ಓದಿದರು. ಜನ ಸೂಟ್‌ಕೇಸ್ ಎಳೆದುಕೊಂಡು ಪಕ್ಕದಲ್ಲೇ ಹೋಗುತ್ತಿದ್ದರು.

"ನಲವತ್ತೆರಡರಲ್ಲಿ ಒಂದು ಸಾಲು ಸ್ವಲ್ಪ ಸಡಿಲ ಇದೆ ಫುಂಡಿ," ಎಂದರು.

"ಹೌದು ಮಾಮಾ. ಅಲ್ಲಿ ನೀವು ನಿಲ್ಲಿಸಿದ್ದಿರಿ."

ಅವರು ಆ ಸಾಲಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಇದ್ದರು. ಒಂದು ಪ್ರತಿ ನನಗೆ ಕೊಟ್ಟು, ಉಳಿದವನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಒಳಗೆ ಹೋದರು. ನಾನು ಮಟಾಟು ಹಿಡಿದು ಪ್ರೆಸ್ಸಿಗೆ ವಾಪಸ್ ಬಂದೆ. ನಲವತ್ತನಾಲ್ಕನೇ ಪುಟ ಬಿಚ್ಚಿ, ಮಫ್ತಿಯವನ ಮಗಳಿಗೆ ಅವಳ ಅಕ್ಷರಗಳನ್ನು ವಾಪಸ್ ಕೊಟ್ಟೆ. ಉಳಿದ ಎಂಬತ್ತೆಂಟು ಪ್ರತಿ ಹಡಗಿನಲ್ಲಿ ಹೋದವು. ತಲುಪಿತು ಎಂದು ಒಂದು ಕಾರ್ಡು ಬಂತು. ಆಮೇಲೆ ಬರಲಿಲ್ಲ.

ಈ ಕೊನೆಯ ಭಾಗ ಆಸ್ಪತ್ರೆಯಿಂದ ಬಂದ ಮೇಲೆ ಬರೆದದ್ದು. ಐದು ಗಂಟೆಗೆ ಹೋದೆವು, ನಾನು, ಬೀಗಿತಿ, ಬೀಗರು, ಅಳಿಯ. ನಾಲ್ಕು ಅಂತಸ್ತಿನ ಟಿಫಿನ್ ಕ್ಯಾರಿಯರು, ಬಾಳಂತಿಗೆ ತುಪ್ಪ ಹಾಕಿದ ಗಂಜಿ, ನಮಗೆ ನೀರುದೋಸೆ, ಮೀನಿನ ಸಾರು. ಮಗು ಮಲಗಿತ್ತು. ಅಳಿಯ ಕಿಟಕಿಯ ಹತ್ತಿರ ತಟ್ಟೆ ಹಿಡಿದು ನಿಂತುಕೊಂಡ. ಬೀಗಿತಿ, "ನಾನು ಬಡಿಸ್ತೇನೆ, ನೀವೆಲ್ಲ ಮಾಡಿ" ಎಂದರು.

"ಇಲ್ಲ, ಎಲ್ಲರೂ ಕೂರುವ," ಎಂದೆ. "ನೀವೂ."

"ಅಪ್ಪ ಹೀಗೇ," ಎಂದಳು ಮಗಳು ಅತ್ತೆಗೆ. "ಯಾರಾದ್ರೂ ನಿಂತಿದ್ರೆ ಇವ್ರು ತಿನ್ನೋದೇ ಇಲ್ಲ. ಜಸ್ಟ್ ಸಿಟ್, ಅತ್ತೆ."

ಕೂತರು. ಒಂದು ಖುರ್ಚಿ, ಒಂದು ಸ್ಟೂಲು, ಇಬ್ಬರು ಮಂಚದ ತುದಿಗೆ. ಉಣ್ಣುತ್ತಿರುವಾಗ ನರ್ಸ್ ಬಂದು ಭೇಟಿಯ ಸಮಯ ಮುಗಿಯಿತು ಎಂದಳು. ಬೀಗರು ಎದ್ದರು. ನಾನು ಏಳಲಿಲ್ಲ.

"ಇಲ್ಲಿ ಊಟ ಆಗುತ್ತಾ ಇದೆ, ಮಗಾ," ಎಂದು ಅವಳಿಗೆ ಸ್ವಾಹಿಲಿಯಲ್ಲಿ ಹೇಳಿದೆ. "ಮುಗಿಸಿ ಹೋಗುತ್ತೇವೆ."

ಅವಳು ನಮ್ಮನ್ನೆಲ್ಲ ಒಮ್ಮೆ ನೋಡಿ, ಸುತ್ತಲಿನ ಪರದೆ ಎಳೆದು ಹೋದಳು. ಬೀಗರು ಮತ್ತೆ ಕೂತರು. ಬೀಗಿತಿ ನನ್ನ ತಟ್ಟೆಗೆ ಇನ್ನೊಂದು ದೋಸೆ ಹಾಕಿದರು. ಮಗು ನಿದ್ದೆಯಲ್ಲೇ ಮುಷ್ಟಿ ಬಿಚ್ಚಿ ಮುಚ್ಚಿತು. ಗಂಜಿ ಮುಗಿಯುವವರೆಗೆ ಯಾರೂ ಏಳಲಿಲ್ಲ.